ಮಡಚದ ಮೊಣಕಾಲು

ಕಸ್ತೂರಿಯ ಗಂಡನನ್ನು ಮಣ್ಣಿನಲ್ಲಿ ಕೂರಿಸಲಾಗದೆ ಮಲಗಿಸಿ ಮುಚ್ಚಬೇಕಾಗಿ ಬಂದದ್ದು ನನ್ನಿಂದ. ಅವಳ ಮಗಳು ತಡವಾಗಿ ಬಂದದ್ದರಿಂದಲ್ಲ, ಅವಳು ಮಗಳಿಗಾಗಿ ಕಾದದ್ದರಿಂದಲ್ಲ — ನನ್ನಿಂದ. ನಾನು ಗೊತ್ತಿದ್ದೂ ಮಾಡಿದೆ, ಆಮೇಲೆ ಗೊತ್ತಿದ್ದೂ ಸುಳ್ಳು ಹೇಳಿದೆ. ಹದಿನೈದು ವರ್ಷದ ಮೇಲಾಯಿತು. ಬನಹಟ್ಟಿಯ ಆ ತಾಯಿ-ಮಗಳು ಇಬ್ಬರೂ ಇಷ್ಟು ವರ್ಷ ನನ್ನ ತಪ್ಪನ್ನು ತಮ್ಮದೆಂದು ಹೊತ್ತುಕೊಂಡಿದ್ದರು.

ನನ್ನ ಕೆಲಸ ಏನಾಗಿತ್ತೆಂದು ಮೊದಲೇ ಹೇಳಿಬಿಡಬೇಕು, ಇಲ್ಲದಿದ್ದರೆ ಉಳಿದದ್ದು ತಿಳಿಯುವುದಿಲ್ಲ. ನಾನು ಎಂಬಾಮರ್. ಸತ್ತವರ ದೇಹ ಕೆಡದಂತೆ ಔಷಧಿ ತುಂಬಿ ಇಡುವವಳು. ದೊಡ್ಡ ಊರೊಂದರ ಮೆಡಿಕಲ್ ಕಾಲೇಜಿನ ಅನಾಟಮಿ ವಿಭಾಗದಲ್ಲಿ ನನ್ನ ಇಡೀ ನೌಕರಿ ಕಳೆಯಿತು. ವಿದ್ಯಾರ್ಥಿಗಳು ಕೊಯ್ದು ಕಲಿಯುವ ದೇಹಗಳನ್ನು ಸಿದ್ಧ ಮಾಡುವುದು ಒಂದು. ದೂರದೂರಿಗೆ ಹೋಗಬೇಕಾದ ಅಥವಾ ಯಾರಿಗಾಗಿಯೋ ಕಾಯಬೇಕಾದ ದೇಹಗಳನ್ನು ಕಾಪಾಡಿ ಮನೆಯವರಿಗೆ ಒಪ್ಪಿಸುವುದು ಇನ್ನೊಂದು. ಹೆಣ್ಣುಮಗಳೊಬ್ಬಳು ಇಂಥ ಕೆಲಸ ಮಾಡುತ್ತಾಳೆಂದರೆ ಜನ ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ನನಗೆ ಅದರಲ್ಲಿ ಒಂದು ಪ್ರೈಡ್ ಇತ್ತು — ಹೌದು, ಜಂಬವೇ ಅನ್ನಿ.

ಕಲಿಸಿದವರು ನಮ್ಮ ಸರ್, ಗೋವಾ ಕಡೆಯವರು. ಫಾರ್ಮಲಿನ್ ವಾಸನೆಗೆ ಮೊದಮೊದಲು ನನ್ನ ಕಣ್ಣಿಂದ ನೀರು ಧಾರಾಕಾರ ಸುರಿಯುತ್ತಿತ್ತು. ಸರ್ ನೋಡಿಯೂ ನೋಡದವರಂತೆ ಪಾಠ ಮುಂದುವರಿಸುತ್ತಿದ್ದರು. ತೊಡೆಯ ಸಂದಿನಲ್ಲಿ ಸಣ್ಣಗೆ ಕೊಯ್ದು, ದೊಡ್ಡ ರಕ್ತನಾಳವನ್ನು ಹುಡುಕಿ ಎತ್ತಿ, ದಾರ ಹಾಕಿ, ನಳಿಕೆ ಕೂರಿಸಬೇಕು. ಎತ್ತರಕ್ಕೆ ತೂಗುಹಾಕಿದ ಡಬ್ಬಿಯಿಂದ ದ್ರಾವಣ ನಿಧಾನಕ್ಕೆ ಇಳಿಯುತ್ತದೆ. ಅದು ಇಳಿಯುವಾಗ ಕೈ-ಕಾಲು ಬೆರಳುಗಳನ್ನು ತಿಕ್ಕುತ್ತಿರಬೇಕು. ಹಣೆಯ ಪಕ್ಕದ ನರ ಉಬ್ಬಿದಾಗ, ಉಗುರಿನ ಬುಡದಲ್ಲಿ ನಸುಗೆಂಪು ಮೂಡಿದಾಗ ದ್ರಾವಣ ತುದಿ ಮುಟ್ಟಿತೆಂದು ತಿಳಿಯಬೇಕು. ರೆಪ್ಪೆಯ ಕೆಳಗೆ ಹತ್ತಿ, ತುಟಿಯ ಒಳಗಿನಿಂದ ಹೊಲಿಗೆ. ಮುಖ ನಿದ್ದೆಯಂತೆ ಕಾಣಬೇಕು, ಅಣಕದಂತೆ ಅಲ್ಲ.

ಮತ್ತು ಎಲ್ಲಕ್ಕಿಂತ ಮೊದಲು ಅವರು ಹೇಳಿದ್ದು: ‘ಫಸ್ಟ್ ಆಸ್ಕ್, ದೆನ್ ಟಚ್.’ ಮುಟ್ಟುವ ಮುಂಚೆ ಮನೆಯವರನ್ನು ಕೇಳು — ಕೈ ಹೇಗಿರಬೇಕು, ಎದೆಯ ಮೇಲೋ ಪಕ್ಕಕ್ಕೋ, ದೇಹ ಯಾವ ಭಂಗಿಯಲ್ಲಿ ಹೋಗಬೇಕು. ಯಾಕೆಂದರೆ ಫಾರ್ಮಲಿನ್ ಒಳಗೆ ಹೋಗಿ ಕೆಲವು ಗಂಟೆ ಕಳೆದರೆ ಮಾಂಸ ಮರದಂತಾಗುತ್ತದೆ. ಯಾವ ಭಂಗಿಯಲ್ಲಿ ಇಟ್ಟೆವೋ ಅದೇ ಕೊನೆ.

ಒಮ್ಮೆ ಒಂದು ಮಠದ ಸ್ವಾಮಿಗಳು ತೀರಿಕೊಂಡಾಗ ಸರ್ ಜೊತೆ ನಾನೂ ಇದ್ದೆ. ಶಿಷ್ಯರು ಬಂದು, ನಮ್ಮಲ್ಲಿ ಕೂರಿಸಿ ಸಮಾಧಿ ಮಾಡುತ್ತೇವೆ ಎಂದರು. ಸರ್ ಕಾಲುಗಳನ್ನು ಮೊದಲೇ ಪದ್ಮಾಸನಕ್ಕೆ ಮಡಚಿ, ಅಗಲ ಪಟ್ಟಿಯಿಂದ ಕಟ್ಟಿ, ಬೆನ್ನಿಗೆ ಹಲಗೆ ಕೊಟ್ಟು, ಮೈ ತೀರಾ ಮರಗಟ್ಟದಿರಲೆಂದು ಫಾರ್ಮಲಿನ್ ಕಡಿಮೆ ಗ್ಲಿಸರಿನ್ ಜಾಸ್ತಿ ಬೆರೆಸಿ ತುಂಬಿದರು. ಎಡ ಅಂಗೈ ಮೇಲ್ಮುಖವಾಗಿ ತೆರೆದಿರಬೇಕು, ಅದರಲ್ಲಿ ಇಷ್ಟಲಿಂಗ ಕೂರುತ್ತದೆ ಎಂದು ಶಿಷ್ಯರು ವಿವರಿಸುತ್ತಿದ್ದರೆ ನಾನು ಮೊದಲ ಸಲ ಕೇಳುವವಳಂತೆ ತಲೆಯಾಡಿಸುತ್ತ ನಿಂತಿದ್ದೆ. ನಮ್ಮ ಅಜ್ಜ ಹಾಗೇ ಹೋಗಿದ್ದ. ಗೋಡೆಗೆ ಆನಿಸಿ ಕೂರಿಸಿದ್ದ ಅವನ ಹಣೆಯ ಮೇಲಿನ ವಿಭೂತಿ ಕೂಡ ನನಗೆ ನೆನಪಿತ್ತು. ಆದರೂ — ತಲೆಯಾಡಿಸಿದೆ, ಹೊಸದೇನೋ ಕಲಿತವಳ ಹಾಗೆ.

ನಾನು ಬನಹಟ್ಟಿಯ ನೇಕಾರರ ಮನೆಯ ಮಗಳು, ಸುಮಿತ್ರಾ. ಇದನ್ನು ನನ್ನ ಕಾಲೇಜಿನಲ್ಲಿ ಯಾರಿಗೂ ಹೇಳಿರಲಿಲ್ಲ. ಹತ್ತು ವರ್ಷದವಳನ್ನು ಅಪ್ಪ ದೂರದ ಕಾನ್ವೆಂಟಿನ ಬೋರ್ಡಿಂಗಿಗೆ ಹಾಕಿದ. ನನ್ನ ಟ್ರಂಕು ತೆರೆದರೆ ನೂಲಿಗೆ ಹಾಕುವ ಗಂಜಿಯ ವಾಸನೆ ಬರುತ್ತದೆಂದು ಹುಡುಗಿಯರು ಮೂಗು ಮುಚ್ಚಿಕೊಳ್ಳುತ್ತಿದ್ದರು. ನಾನು ‘ಮನಿ’, ‘ಸಾಲಿ’ ಅಂದರೆ ಡಾರ್ಮಿಟರಿಯಿಡೀ ನಗುತ್ತಿತ್ತು. ಒಂದು ಟರ್ಮ್ ಮುಗಿಯುವುದರೊಳಗೆ ನಾನು ‘ಮನೆ’ ಅನ್ನಲು ಕಲಿತೆ, ಎರಡನೆಯದರಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಮಾತಾಡುವುದನ್ನೇ ಬಿಟ್ಟೆ. ಆಮೇಲೆ ಮೈಸೂರು ಕಡೆಯ ಬ್ಯಾಂಕ್ ಆಫೀಸರನ್ನು ಮದುವೆಯಾಗಿ ಮಿಸೆಸ್ ರಾವ್ ಆದೆ. ಸರ್ ಒಮ್ಮೆ ನನ್ನ ಗಂಟು ನೋಡಿ ಮೆಚ್ಚಿದ್ದರು. ರಕ್ತನಾಳಕ್ಕೆ ದಾರ ಬಿಗಿಯುವಾಗ ನಾನು ಹಾಕುತ್ತಿದ್ದದ್ದು ಮಗ್ಗದಲ್ಲಿ ಎಳೆ ಹರಿದರೆ ಕಟ್ಟುವ ಗಂಟು. ಸಣ್ಣದು, ಜಾರದ್ದು, ಕಣ್ಣು ಮಿಟುಕಿಸುವುದರಲ್ಲಿ ಬೀಳುವಂಥದ್ದು. ಎಲ್ಲಿ ಕಲಿತೆ ಎಂದು ಅವರು ಕೇಳಿದರು. ಕಾನ್ವೆಂಟಿನ ನೀಡಲ್‌ವರ್ಕ್ ಕ್ಲಾಸಿನಲ್ಲಿ, ಎಂದೆ. ಅದನ್ನು ಕಲಿಸಿದವಳು ಬನಹಟ್ಟಿಯಲ್ಲಿ ನನ್ನ ಜೊತೆ ಆಡಿ ಬೆಳೆದ ಕಸ್ತೂರಿಯ ಅವ್ವ.

ಈ ಪುರಾಣವನ್ನೆಲ್ಲ ನೆಪವಾಗಿ ಹೇಳುತ್ತಿಲ್ಲ. ಗಂಜಿಯ ವಾಸನೆಗೆ ನಕ್ಕ ಹುಡುಗಿಯರು ಯಾರ ಮೊಣಕಾಲನ್ನೂ ಮುಟ್ಟಲಿಲ್ಲ. ಮುಟ್ಟಿದ್ದು ನಾನು.

ಅದು ಕಡು ಬೇಸಿಗೆ. ಕಸ್ತೂರಿಯ ಗಂಡನನ್ನು ಎದೆನೋವೆಂದು ನಮ್ಮ ಕಾಲೇಜಿದ್ದ ಊರಿನ ಆಸ್ಪತ್ರೆಗೆ ತಂದಿದ್ದರು, ಬೆಳಿಗ್ಗೆ ಹೋಗಿಬಿಟ್ಟ. ಒಬ್ಬಳೇ ಮಗಳು ಮಸ್ಕತ್ತಿನಲ್ಲಿ ನರ್ಸ್. ಅವಳು ಬರುವತನಕ ಇಟ್ಟುಕೊಳ್ಳಬೇಕು, ಅಪ್ಪನ ಮುಖ ಅವಳು ನೋಡಲೇಬೇಕು ಎಂದು ಕಸ್ತೂರಿ ಹಟ ಹಿಡಿದಳಂತೆ. ಬನಹಟ್ಟಿಯ ದಾರಿ ದೂರ, ಆ ಬಿಸಿಲಿಗೆ ಐಸಿನ ಮೇಲೂ ನಂಬಿಕೆಯಿಲ್ಲ. ಹಾಗಾಗಿ ನಮ್ಮಲ್ಲಿಗೆ ಕಳಿಸಿದರು.

ನಾನು ಏಪ್ರನ್ ಕಟ್ಟಿಕೊಳ್ಳುತ್ತ ಕಾರಿಡಾರಿಗೆ ಬಂದೆ. ಬೆಂಚಿನ ಮೇಲೆ ಕೂತವಳ ಎಡ ಹುಬ್ಬಿನ ಮೇಲೆ ಒಂದು ಗೀರು. ಮಗ್ಗದ ಲಾಳಿ ಹಾರಿ ಬಡಿದದ್ದು. ಬಡಿದಾಗ ನಾನು ಅವಳ ಪಕ್ಕದಲ್ಲೇ ಇದ್ದೆ, ನನ್ನ ಲಂಗದ ತುದಿಯಿಂದ ರಕ್ತ ಒರೆಸಿದ್ದೆ. ಅವಳು ನನ್ನನ್ನೇ ನೋಡಿದಳು. ಆಮೇಲೆ ಎದ್ದು ಹತ್ತಿರ ಬಂದಳು. ನನ್ನ ಅತ್ತಿತ್ತ ಇಬ್ಬರು ಜೂನಿಯರ್ ಡಾಕ್ಟರುಗಳು ನಿಂತಿದ್ದರು.

“ನೀವು ನಮ್ಮ ಬನಹಟ್ಟಿ ಸುಮಿ ಅಲ್ಲೇನ್ರಿ? ನಾ ಕಸ್ತೂರಿ.”

“ಸಾರಿ, ಯು ಆರ್ ಮಿಸ್ಟೇಕನ್,” ಎಂದೆ.

ಅವಳಿಗೆ ಇಂಗ್ಲಿಷ್ ಬಾರದೆಂದು ಗೊತ್ತಿದ್ದೇ ಹಾಗೆ ಹೇಳಿದೆ. ಮಾತು ಅರ್ಥವಾಗಲಿಲ್ಲ, ಆದರೆ ನಾನು ದೂರ ತಳ್ಳಿದ್ದು ತಿಳಿಯಿತು. ಅವಳು ಸೆರಗು ಸರಿಮಾಡಿಕೊಂಡು ಅರ್ಧ ಹೆಜ್ಜೆ ಹಿಂದೆ ಸರಿದಳು. ಆಮೇಲೆ ಇನ್ನೊಂದು ಮಾತಿಗೆ ಬಾಯಿ ತೆರೆದಳು — “ಬಾಯಾರ, ನಮ್ಮಾಗ ಕುಂದರ್ಸಿ...”

ಅದನ್ನು ನಾನು ಪೂರ್ತಿಯಾಗಲು ಬಿಡಲಿಲ್ಲ. ಅವಳು ಮುಗಿಸಿದ್ದರೆ ನಾನು ಮುಂದಿನದನ್ನು ಕೇಳಬೇಕಾಗುತ್ತಿತ್ತು. ಕೇಳಿದರೆ ನನಗೆ ಇದೆಲ್ಲ ಗೊತ್ತೆಂದು ನನ್ನ ದನಿಯೇ ಹೇಳಿಬಿಡುತ್ತಿತ್ತು. ಪದ್ಧತಿಗಳನ್ನೆಲ್ಲ ಮನೆಯಲ್ಲಿ ನೋಡಿಕೊಳ್ಳಿ, ಇಲ್ಲಿ ಬರೀ ಮೆಡಿಕಲ್ ಪ್ರೊಸೀಜರ್, ಎಂದು ಪುಸ್ತಕದ ಕನ್ನಡದಲ್ಲಿ ಹೇಳಿ ಒಳಗೆ ಹೋದೆ. ಇಷ್ಟು ದೊಡ್ಡ ಮಂದಿಗೆ ಗೊತ್ತಿರಬೇಕು ಎಂದುಕೊಂಡಳೇನೋ, ಅವಳು ಮತ್ತೆ ಬೆಂಚಿನ ಮೇಲೆ ಕೂತಳು.

ಒಳಗೆ ನಾನು ಎಲ್ಲವನ್ನೂ ನೀಟಾಗಿ ಮಾಡಿದೆ. ದೇಹ ಸೆಟೆದುಕೊಂಡಿತ್ತು, ಕೀಲುಗಳನ್ನು ಸಡಿಲಿಸಿದೆ. ದ್ರಾವಣ ತುಂಬಿದೆ, ಗಟ್ಟಿ ಮಿಶ್ರಣವನ್ನೇ. ಕಾಲುಗಳನ್ನು ನೆಟ್ಟಗೆ ಚಾಚಿ ಹೆಬ್ಬೆರಳುಗಳನ್ನು ಜೋಡಿಸಿ ದಾರ ಕಟ್ಟಿದೆ. ಕೈಗಳನ್ನು ತೊಡೆಯ ಪಕ್ಕ ಇಟ್ಟೆ, ಅಂಗೈ ಕೆಳಗೆ ಮಾಡಿ — ಅಸೆಂಬ್ಲಿಯಲ್ಲಿ ನಿಂತ ಮಕ್ಕಳ ಹಾಗೆ. ಬಹಳ ಒಳ್ಳೆಯ ಕೆಲಸ. ಜೂನಿಯರುಗಳು ಮೆಚ್ಚಿದರು. ಆ ಇಡೀ ಹೊತ್ತು, ಅಂಗೈ ತಿರುಗಿಸು, ತಿರುಗಿಸು, ಎಂದು ನನ್ನೊಳಗೆ ಒಂದು ದನಿ ಹೇಳುತ್ತಲೇ ಇತ್ತು. ಅದು ಬನಹಟ್ಟಿಯ ಕನ್ನಡದಲ್ಲಿ ಹೇಳುತ್ತಿತ್ತು. ನಾನು ಕೇಳಿಸಿಕೊಳ್ಳಲಿಲ್ಲ.

ಮಗಳು ಬಂದ ದಿನ ವಿಭಾಗಕ್ಕೆ ಫೋನ್ ಬಂತು. ಕಸ್ತೂರಿಯ ಮೈದುನ ಬಸಪ್ಪ ಮಾತಾಡಿದ. ಹಿಂದೆ ಜನರ ಗದ್ದಲ, ಭಜನೆಯ ತಾಳ, ಯಾರೋ ಹೆಣ್ಣುಮಗಳು ಅಳುತ್ತಿದ್ದದ್ದು.

“ಬಾಯಾರ, ಕಾಲ ಮಡಚವಲ್ಲವ್ರಿ. ಕೈನೂ ತಿರಗವಲ್ದು, ಲಿಂಗ ಎಲ್ಲಿ ಇಡೂಣು? ಯಾಕ ಹಿಂಗಾಗೇತ್ರಿ?”

ಆಗಲಾದರೂ ಹೇಳಬಹುದಿತ್ತು. ನಾನು ಹೇಳಿದ್ದು ಇದು: “ಬಹಳ ಹೊತ್ತು ಕಾದರೆ ಹೀಗೇ ಆಗುತ್ತದೆ. ಮಗಳಿಗಾಗಿ ಕಾಯಬಾರದಿತ್ತು.”

ಸುಳ್ಳು. ಸತ್ತ ದೇಹದ ಸಹಜ ಸೆಟೆತ ಒಂದೆರಡು ದಿನದಲ್ಲಿ ತಾನಾಗಿಯೇ ಸಡಿಲುತ್ತದೆ. ಸಡಿಲದಂತೆ ಮಾಡುವುದು ನಮ್ಮ ಫಾರ್ಮಲಿನ್. ಬಸಪ್ಪ ಅದೇ ಮಾತನ್ನು ಅಲ್ಲಿದ್ದವರಿಗೆಲ್ಲ ಗಟ್ಟಿಯಾಗಿ ಹೇಳಿದ್ದು ನನಗೆ ಫೋನಿನಲ್ಲೇ ಕೇಳಿಸಿತು. ಅಳುವ ದನಿ ನಿಂತುಬಿಟ್ಟಿತು. ನಾನು ರಿಸೀವರ್ ಇಟ್ಟೆ. ಕೈ ತೊಳೆದುಕೊಂಡು ಟೀ ಕುಡಿದೆ. ಇದೂ ನೆನಪಿದೆ.

ನನ್ನ ಗಂಡ ಹೋದ ಮೇಲೆ, ಎರಡು ವರ್ಷದ ಹಿಂದೆ, ನಾನು ಜಮಖಂಡಿಗೆ ತಂಗಿ ಪ್ರೇಮಾಳ ಮನೆಗೆ ಬಂದೆ. ಅವಳ ಸೊಸೆಯ ತವರುಮನೆ ಬನಹಟ್ಟಿಯಲ್ಲಿ ಕಸ್ತೂರಿಯ ಮನೆಯ ಪಕ್ಕದ್ದು. ಈಚೆಗೆ ಒಂದು ಮಧ್ಯಾಹ್ನ ನಾವಿಬ್ಬರೂ ಮೆಂತೆ ಸೊಪ್ಪು ಸೋಸುತ್ತ ಕೂತಿದ್ದಾಗ ಪ್ರೇಮಾ ಎಲ್ಲಿಂದಲೋ ಮಾತು ಶುರು ಮಾಡಿದಳು.

“ಆ ಕಸ್ತೂರಿ ನೆಪ್ಪೈತೇನಕ್ಕಾ? ಸಕ್ಕರಿ ಬ್ಯಾನಿ ಬಾಳ ಆಗೇತಂತ. ನಾ ಸತ್ತರ ಮಗಳ ಹಾದಿ ಕಾಯಬ್ಯಾಡ್ರಿ, ಮೈ ಬೆಚ್ಚಗಿದ್ದಾಗನ ಕುಂದರ್ಸಿಬಿಡ್ರಿ ಅಂತ ಮೈದುನನ ಮಕ್ಕಳ ಕಡಿಂದ ಆಣಿ ಮಾಡಿಸ್ಕೊಂಡಾಳ.”

ಆಮೇಲೆ ಉಳಿದದ್ದನ್ನೂ ಹೇಳಿದಳು, ನನಗೆ ಗೊತ್ತಿಲ್ಲವೆಂದುಕೊಂಡು. ಅವತ್ತು ಕೂರಿಸುವ ಅಳತೆಗೆ, ಒಳಗೋಡೆಯ ಗೂಡಿನ ಸಮೇತ, ಕುಣಿ ತೋಡಿಯಾಗಿತ್ತು. ಕಾಲು ಮಡಚದಾದಾಗ ಯಾರೋ ಹಿರಿಯರು ಮೊಣಕಾಲು ಮುರಿಯೋಣ ಅಂದರು. ಕಸ್ತೂರಿ ಗಂಡನ ಕಾಲಿನ ಮೇಲೆ ಅಡ್ಡ ಬಿದ್ದುಬಿಟ್ಟಳು. ಕಡೆಗೆ ಕುಣಿಯನ್ನೇ ಉದ್ದ ಮಾಡಿದರು. ಹೆಣವನ್ನು ಕೂರಿಸಿ ಹೊತ್ತೊಯ್ಯಲು ಅಲಂಕರಿಸಿ ನಿಲ್ಲಿಸಿದ್ದ ವಿಮಾನ ಖಾಲಿ ಉಳಿಯಿತು. ಅಂಗೈ ತಿರುಗದ್ದಕ್ಕೆ ಲಿಂಗವನ್ನು ಬಟ್ಟೆಯಿಂದ ಮುಂಗೈಗೆ ಬಿಗಿದರು. ಇದ್ದ ಒಬ್ಬ ಮಗಳಿಗಾಗಿ ಗಂಡನ ಕೊನೆಯ ಕೂರುವಿಕೆಯನ್ನೇ ಕಳೆದಳು ಎಂದು ಓಣಿಯ ಜನ ಆಡಿದರು. ಬಸಪ್ಪ ಇವತ್ತಿಗೂ ಆಡುತ್ತಾನೆ. ಮಗಳು ಆ ಮನೆಯ ಹೊಸ್ತಿಲು ತುಳಿಯುವುದನ್ನೇ ಬಿಟ್ಟಳು. ರಜೆಗೆ ಬಂದರೆ ಮುಧೋಳದಲ್ಲಿ ಚಿಕ್ಕಮ್ಮನ ಮನೆಗೆ ಬರುತ್ತಾಳೆ, ಕಸ್ತೂರಿಯೇ ಬಸ್ಸು ಹತ್ತಿ ಅಲ್ಲಿಗೆ ಹೋಗಿ ನೋಡಿಕೊಂಡು ಬರುತ್ತಾಳೆ.

“ಹೌದಕ್ಕಾ, ನೀ ಹೆಣದ ಉಪ್ಪಿನಕಾಯಿ ಹಾಕಾಕಿ,” ಎಂದು ಪ್ರೇಮಾ ನಕ್ಕಳು, “ನಿನಗ ಗೊತ್ತಿರಬೇಕು. ತಡಾ ಆದ್ರ ಖರೇನ ಹಂಗ ಸೆಟದಬಿಡತಾವೇನು?”

ನಾನು ಸೊಪ್ಪಿನ ಬುಟ್ಟಿಯನ್ನು ಒಳಗಿಟ್ಟು ಬಂದು ಮಲಗಿದೆ.

ಸತ್ತವನಿಗೆ ಮಾಡಿದ್ದು ಒಂದು. ಆದರೆ ಬದುಕಿರುವ ಒಬ್ಬಳು ತನ್ನ ಸಾವಿನಲ್ಲಿ ಮಗಳ ಮುಖವೇ ಬೇಡವೆಂದು ಆಣೆ ಮಾಡಿಸಿಕೊಂಡಿದ್ದಾಳೆ, ನಾನು ಟೀ ಕುಡಿಯುವ ಮೊದಲು ಹೇಳಿದ ಎರಡು ವಾಕ್ಯಗಳನ್ನು ನಂಬಿ. ಅದು ಇನ್ನೂ ನಡೆದಿಲ್ಲ. ತಡೆಯಬಲ್ಲವಳು ನಾನೊಬ್ಬಳೇ.

ಆದರೂ ಹೊರಡಲು ವಾರಗಳು ಬೇಕಾದವು. ಕಾಲು ನೋವು, ಬಿಸಿಲು, ಮನೆಯಲ್ಲಿ ನೆಂಟರು — ಇಂಥವೇ.

ಕಳೆದ ವಾರ ಹೋದೆ. ರಬಕವಿಯಲ್ಲಿ ಬಸ್ಸಿಳಿದು ಆಟೋ ಹತ್ತಿದೆ. ಓಣಿಯಲ್ಲಿ ಕೈಮಗ್ಗದ ಸದ್ದಿಲ್ಲ ಈಗ, ಎಲ್ಲ ಪವರ್‌ಲೂಮು. ಮನೆಮನೆಯೂ ಖಟಖಟ ಎಂದು ಒಂದೇ ಸಮ ನಡುಗುತ್ತದೆ. ಗಂಜಿಯ ವಾಸನೆ ಮಾತ್ರ ಅದೇ. ಕಸ್ತೂರಿ ಹೊರಸಿನ ಮೇಲೆ ಊದಿದ ಕಾಲು ಚಾಚಿಕೊಂಡು ಕೂತಿದ್ದಳು. ಪಕ್ಕದ ಅಂಕಣದಲ್ಲಿ ಎರಡು ಮಗ್ಗ ಓಡುತ್ತಿದ್ದವು. ಬಸಪ್ಪ ಊರಲ್ಲಿರಲಿಲ್ಲ. ನಾನು ಅವಳೆದುರು ಕೂತು ತಗ್ಗಿದ ದನಿಯಲ್ಲಿ ಶುರು ಮಾಡಿದೆ. ಮಗ್ಗದ ಸದ್ದಿನಲ್ಲಿ ಅರ್ಧ ಮುಳುಗಿಹೋಗಲಿ ಎಂಬ ಆಸೆ ನನಗಿತ್ತು, ಈಗ ತಿಳಿಯುತ್ತದೆ. ಅವಳು ಕಿವಿಗೆ ಕೈ ಹಚ್ಚಿ, ಕೇಳಿಸುತ್ತಿಲ್ಲವೆಂದಳು. ಮತ್ತೆ ಹೇಳಿದೆ. ಮತ್ತೆ ಕೇಳಿಸಲಿಲ್ಲ. ಆಗ ಅವಳೇ ಗೋಡೆ ಹಿಡಿದುಕೊಂಡು ಎದ್ದು ಹೋಗಿ ಮಗ್ಗದ ಸ್ವಿಚ್ ಆರಿಸಿ ಬಂದಳು.

ಆ ಮೌನದಲ್ಲಿ ಎಲ್ಲ ಹೇಳಿದೆ. ನಾನು ಸುಮಿ ಎಂಬುದರಿಂದ ಹಿಡಿದು.

“ನೀ ಸುಮಿ ಅನ್ನೂದು ನನಗ ಅವತ್ತಿನಿಂದ ಗೊತ್ತೈತಿ,” ಎಂದಳು ಕಸ್ತೂರಿ. “ಕಾಲ ಮಡಚಾಕಂತ ಹೆಬ್ಬಟ್ಟಿನ ದಾರ ಬಿಚ್ಚಿದ್ನಿ. ನಮ್ಮವ್ವನ ಗಂಟ ಇತ್ತು.”

ಆಮೇಲೆ, ನನ್ನನ್ನು ನೋಡದೆ, ಇನ್ನೊಂದು ಮಾತು ಹೇಳಿದಳು. “ಫೋನಿನ್ಯಾಗ ಹಂಗ ಅಂದಾರ ಅಂತ ಮೈದುನ ಹೇಳಿದಾಗ ನಾ ಒಂದು ಮಾತು ಎದರಾಡಲಿಲ್ಲ. ಹೇಳಿದಾಕಿ ನಮ್ಮ ಸುಮಿ. ಪರಿಚಯ ಬ್ಯಾಡ ಅಂದಾಳು, ಸುಳ್ಳ ಯಾಕ ಹೇಳ್ಯಾಳು ಅಂದ್ಕೊಂಡ್ನಿ.”

ನಾನು ಅವಳನ್ನು ಅಲ್ಲಗಳೆದ ಮೇಲೂ ಅವಳು ನನ್ನನ್ನು ನಂಬಿದ್ದಳು. ಬೇರೆ ಯಾರೋ ಅಪರಿಚಿತ ಡಾಕ್ಟರು ಹೇಳಿದ್ದರೆ ಅನುಮಾನಿಸಬಹುದಿತ್ತೇನೋ. ನನ್ನ ಮಾತಾದ್ದರಿಂದ ಅದನ್ನು ಹೊಟ್ಟೆಯೊಳಗೆ ಇಳಿಸಿಕೊಂಡು ಮಗಳನ್ನು ದೂರ ಇಟ್ಟಳು. ನಾನು ಅಳಲು ಹೊರಟೆ. ಅವಳ ಮುಖ ನೋಡಿ, ಅಳುವ ಹಕ್ಕು ಇಲ್ಲಿ ನನ್ನದಲ್ಲವೆಂದು ನುಂಗಿಕೊಂಡೆ.

ಅವಳು ಒಂದೇ ಪ್ರಶ್ನೆ ಕೇಳಿದಳು.

“ಅವತ್ತ ಮಡಚಾಕ ಬರತಿತ್ತೇನು?”

ಇಲ್ಲಿ ಒಂದನ್ನು ತಿದ್ದಬೇಕು. ಮೇಲೆ ನಾನು ‘ಕೀಲುಗಳನ್ನು ಸಡಿಲಿಸಿದೆ’ ಎಂದು ಬರೆದು ಮುಂದೆ ದಾಟಿಬಿಟ್ಟೆ. ಒಪ್ಪಿಕೊಳ್ಳಲೆಂದೇ ಕೂತಾಗಲೂ ಕೈ ಹೀಗೆ ಮುಚ್ಚಿಡುತ್ತದೆ. ಸೆಟೆದ ಕಾಲನ್ನು ಸಡಿಲಿಸುವುದೆಂದರೆ ಹಿಮ್ಮಡಿ ಹಿಡಿದು ಮೊಣಕಾಲನ್ನು ಪೂರ್ತಿ ಮಡಚುವುದು. ಒಂದು ಕಾಲು, ಆಮೇಲೆ ಇನ್ನೊಂದು. ಆ ಮೊಣಕಾಲುಗಳು ಮಡಚಿ ನನ್ನ ಕೈಯಲ್ಲಿದ್ದವು. ನಾನು ಅವನ್ನು ಹಾಗೇ ಬಿಟ್ಟು ಒಂದು ಪಟ್ಟಿ ಕಟ್ಟಿದ್ದರೆ ಸಾಕಿತ್ತು.

“ಮಡಚಿದ್ನಿ,” ಎಂದೆ. ಎಷ್ಟೋ ವರ್ಷದ ಮೇಲೆ ಆ ಕನ್ನಡ ನನ್ನ ಬಾಯಲ್ಲಿ ಬಂತು. “ಮಡಚಿ, ಮತ್ತ ಚಾಚಿದ್ನಿ.”

ಕಸ್ತೂರಿ ತನ್ನ ಊದಿದ ಮೊಣಕಾಲಿನ ಮೇಲೆ ಅಂಗೈ ಇಟ್ಟುಕೊಂಡಳು. ಬಯ್ಯಲಿಲ್ಲ. ಕ್ಷಮಿಸಿದೆನೆಂದೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ನೀರು ಬೇಕೇ ಎಂದು ಕೂಡ ಕೇಳಲಿಲ್ಲ — ನಮ್ಮ ಕಡೆ ವೈರಿಗೂ ಕೇಳುತ್ತಾರೆ. ನಾನು ಎದ್ದು ನಿಂತಾಗ ಹೇಳಿದಳು:

“ಶ್ರಾವಣದಾಗ ಮಗಳು ಮುಧೋಳಕ ಬರತಾಳ. ಇಲ್ಲಿಗಿ ಕರಸ್ತೇನಿ. ಮೈದುನನೂ ಇರತಾನ, ಓಣಿ ಹಿರಿಯಾರನೂ ಕರಿತೇನಿ. ಇದನ್ನ ಅವರ ಮುಂದ ಹೇಳಬೇಕ ನೀ. ಅವತ್ತ ಮಗ್ಗ ಬಂದ ಮಾಡಸ್ತೇನಿ.”

ನಾನು ಹೊಸ್ತಿಲು ದಾಟುವುದರೊಳಗೆ ಮಗ್ಗ ಮತ್ತೆ ಶುರುವಾಯಿತು.

ಶ್ರಾವಣಕ್ಕೆ ಇನ್ನೂ ದಿನಗಳಿವೆ. ನನಗೆ ನನ್ನ ಮೇಲೆ ನಂಬಿಕೆಯಿಲ್ಲ. ಆವತ್ತು ಕಾಲು ನೋಯಬಹುದು, ನೆಂಟರು ಬರಬಹುದು. ಅದಕ್ಕೇ ಇದನ್ನು ಎಲ್ಲರೂ ಓದುವ ಹಾಗೆ ಬರೆದಿದ್ದೇನೆ, ಹಿಂದೆ ಸರಿಯಲು ದಾರಿ ಇರಬಾರದೆಂದು. ಪ್ರೇಮಾಳಿಗೂ ಹೇಳಿದ್ದೇನೆ, ಅವಳು ಈಗ ನನ್ನೊಂದಿಗೆ ಹೆಚ್ಚು ಮಾತಾಡುತ್ತಿಲ್ಲ. ಕಸ್ತೂರಿಯ ಅಂಗಳದಲ್ಲಿ ನಾನು ಕೆಳಗೆ ಕೂರುತ್ತೇನೆ. ಹೇಳಬೇಕಾದದ್ದನ್ನು ಬನಹಟ್ಟಿಯ ಕನ್ನಡದಲ್ಲೇ ಹೇಳುತ್ತೇನೆ, ಆ ಮಗಳ ಮುಖ ನೋಡಿ, ಮೊಣಕಾಲಿನ ಮಾತನ್ನು ಎಲ್ಲಕ್ಕಿಂತ ಮೊದಲು.